ಸಿಪಾಯಿಯ ಕಟ್ಟಳೆ
(ಸೇಡಮ್ಮಿನಲ್ಲಿ ಸುತ್ತಲಿನ ತಾಲೂಕುಗಳ ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಕಡೆಗಳಿಂದ ತಾವು ಇಂದು ಇಲ್ಲಿ ನೆರೆದಿರುವಿರಿ. ಸೇನೆಯಲ್ಲಿರುವವರ ನಡತೆಯ ಕಟ್ಟಳೆಗಳೆಂಬ ವಿಷಯವನ್ನು ನನ್ನ ಪಾಲಿಗೆ ಕೊಟ್ಟಿರುವಿರಿ. ಪಾಟಿ ಪುಸ್ತಕ ಹಿಡಿಯುವ ನಮಗೆ ಲಷ್ಕರದ ಕಾಯಿದೆಯೇಕೆ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ನನ್ನ ಉತ್ತರವಿಷ್ಟು. ನಮ್ಮ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರೇ ನಾಳೆ ಸೇನೆಗೆ ಸೇರತಕ್ಕವರು. ರಜೆಯ ಮೇಲೆ ಊರಿಗೆ ಬರುವ ಜವಾನನು ವಾಡಿಯ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವದನ್ನು ತಾವೆಲ್ಲರೂ ಕಂಡಿರುವಿರಿ. ಇದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣವು ಇನ್ನೊಂದಿದೆ. ಕಟ್ಟಳೆಯಿಲ್ಲದ ಆಯುಧ ಎಂಥದು, ಕಟ್ಟಳೆಯುಳ್ಳ ಆಯುಧ ಎಂಥದು, ಕಟ್ಟಳೆಯಿದ್ದೂ ಅದನ್ನು ಮೀರಿದರೆ ಏನಾಗುವದು ಎಂಬ ಮೂರನ್ನೂ ಒಂದೇ ವರ್ಷದೊಳಗೆ ಕಂಡ ನಾಡು ನಮ್ಮದು. ಆ ವರ್ಷ 1948. ಅದನ್ನು ಕಣ್ಣಾರೆ ಕಂಡವರು ಈಗ ಊರಿಗೊಬ್ಬರೋ ಇಬ್ಬರೋ ಉಳಿದಿರಬಹುದು. ಆದುದರಿಂದ ಈ ವಿಷಯದ ಮಾತು ಬೇರೆಲ್ಲಿ ನಡೆಯದಿದ್ದರೂ ಇಲ್ಲಿ ನಡೆಯಲೇಬೇಕು.

ಮೊದಲು ಒಂದು ಸಾಮಾನ್ಯ ಪ್ರಶ್ನೆ. ದರೋಡೆಗಾರನ ಕೈಯಲ್ಲಿಯೂ ಬಂದೂಕು ಇರುವದು, ಸಿಪಾಯಿಯ ಕೈಯಲ್ಲಿಯೂ ಇರುವದು. ಧೈರ್ಯವು ಇಬ್ಬರಿಗೂ ಇರಬಹುದು. ಸಮವಸ್ತ್ರವನ್ನು ಯಾವ ದರ್ಜಿಯಾದರೂ ಹೊಲಿದು ಕೊಡಬಲ್ಲನು. ಹಾಗಾದರೆ ಇಬ್ಬರಲ್ಲಿ ಭೇದವೆಲ್ಲಿ? ಸಿಪಾಯಿಯು ತನ್ನ ಆಯುಧದ ಒಡೆಯನಲ್ಲ. ಅದನ್ನು ಯಾವಾಗ ಎತ್ತಬೇಕು, ಯಾರ ಮೇಲೆ ಎತ್ತಕೂಡದು, ಯಾವಾಗ ಇಳಿಸಬೇಕು ಎಂಬದನ್ನು ಅವನ ಸಿಟ್ಟು ನಿರ್ಣಯಿಸುವದಿಲ್ಲ, ಕಟ್ಟಳೆಯು ನಿರ್ಣಯಿಸುವದು. ಭೇದವಿರುವದು ಇಲ್ಲಿಯೇ. ಈ ಕಟ್ಟಳೆಗೆ ಎರಡು ಮುಖಗಳು: ಮೇಲಿನವರ ಅಪ್ಪಣೆಯನ್ನು ಪಾಲಿಸುವದು ಒಂದು, ನಿರಾಯುಧನನ್ನು ಕಾಯುವದು ಇನ್ನೊಂದು. ಮೊದಲಿನದನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ಮರೆಯುವರು. ಎರಡನೆಯದಿಲ್ಲದಿದ್ದರೆ ಮೊದಲಿನದಕ್ಕೆ ಬೆಲೆಯಿಲ್ಲವೆಂಬದೇ ನಾನು ಇಂದು ಹೇಳಬೇಕೆಂದಿರುವ ಮಾತು.

ಇದು ಪರದೇಶದಿಂದ ತಂದ ವಿಚಾರವೆಂದು ಯಾರೂ ತಿಳಿಯಬಾರದು. ಚಿತ್ತಾಪುರ ತಾಲೂಕಿನ ಸನ್ನತಿಗೆ ಭೀಮೆಯ ದಂಡೆಯ ಚಂದ್ರಲಾಂಬೆಯ ದರ್ಶನಕ್ಕಾಗಿ ತಾವು ಹೋಗಿಯೇ ಇರುವಿರಿ. ಅಲ್ಲಿಯ ಕಾಳಿಯ ಗುಡಿಯಲ್ಲಿ ದೇವಿಯ ಪೀಠವಾಗಿದ್ದ ಒಂದು ಕಲ್ಲು 1986ರಲ್ಲಿ ಬೆಳಕಿಗೆ ಬಂದಿತು. ಅದರ ಎರಡೂ ಮಗ್ಗುಲಿಗೆ ಅಶೋಕನ ಶಾಸನಗಳು ಇದ್ದವು. ವಿಶೇಷವೇನೆಂದರೆ, ಕಳಿಂಗದ ಯುದ್ಧವಾದ ಮೇಲೆ ಗೆದ್ದ ನಾಡಿನ ಅಧಿಕಾರಿಗಳನ್ನು ಉದ್ದೇಶಿಸಿ ಅವನು ಬರೆಯಿಸಿದ ಎರಡು ಪ್ರತ್ಯೇಕ ಶಾಸನಗಳು ಒರಿಸ್ಸದ ಧೌಲಿ, ಜೌಗಡಗಳಲ್ಲಿ ಇರುವಂತೆ ಇಲ್ಲಿಯೂ ಇವೆ. ಪ್ರಜೆಗಳೆಲ್ಲರನ್ನೂ ತನ್ನ ಮಕ್ಕಳಂತೆ ಕಾಣಬೇಕೆಂದೂ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಪೀಡಿಸಬಾರದು ಎಂದೂ ಅವನು ತನ್ನ ಅಧಿಕಾರಿಗಳಿಗೆ ವಿಧಿಸುವನು. ಅಸೂಯೆ, ಕೋಪ, ಕ್ರೌರ್ಯ, ಅವಸರ, ಆಲಸ್ಯಗಳಿಂದ ನ್ಯಾಯವು ಕೆಡುವದೆಂದು ಎಚ್ಚರಿಸುವನು. ಅದೇ ಕಲ್ಲಿನ ಮೇಲಿರುವ ಇನ್ನೊಂದು ಶಾಸನವು ಪರರ ಮತವನ್ನು ಹಳಿಯಬಾರದೆಂದು ಹೇಳುವದು. ಗೆದ್ದವನು ಸೋತವರ ನಾಡಿನಲ್ಲಿ ಹೇಗೆ ನಡೆಯಬೇಕೆಂಬ ಕಟ್ಟಳೆಯು ಎರಡು ಸಾವಿರದ ಇನ್ನೂರು ವರ್ಷಗಳಿಗಿಂತ ಹಿಂದೆಯೇ ಚಿತ್ತಾಪುರದ ನೆಲದಲ್ಲಿ ಕೆತ್ತಲ್ಪಟ್ಟಿತ್ತು!

ಇನ್ನು ಸೇಡಂ ತಾಲೂಕಿನ ಮಳಖೇಡಕ್ಕೆ ಬನ್ನಿರಿ. ಅದು ರಾಷ್ಟ್ರಕೂಟರ ಮಾನ್ಯಖೇಟ. ಅರಬ ವರ್ತಕ ಸುಲೈಮಾನನ ಹೆಸರಿನಲ್ಲಿ 851ರ ಸುಮಾರಿಗೆ ಬರೆದಿಟ್ಟ ವೃತ್ತಾಂತದಲ್ಲಿ, ಬಲ್ಹರ ರಾಜನು, ಎಂದರೆ ನಮ್ಮ ರಾಷ್ಟ್ರಕೂಟ ದೊರೆಯು, ತನ್ನ ಸೈನಿಕರಿಗೆ ತಪ್ಪದೆ ಸಂಬಳ ಕೊಡುತ್ತಿದ್ದನೆಂದು ಹೇಳಿದೆ. ಇದು ಸಣ್ಣ ಮಾತಲ್ಲ. ಸಂಬಳ ಸಿಕ್ಕದ ದಂಡು ಊರನ್ನೇ ಸಂಬಳವಾಗಿ ಎಣಿಸುವದು. ಸೈನಿಕನ ಹೊಟ್ಟೆಯನ್ನು ದೊರೆಯು ತುಂಬಿದಾಗಲೇ ರೈತನ ಹಗೇವು ಉಳಿಯುವದು. ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನ ಜೋಳವನ್ನುಂಡವನು ಅವನ ಸಲುವಾಗಿ ಪ್ರಾಣ ಕೊಡುವ ಕಟ್ಟುಪಾಡು ಎಂದು ಅದರ ಅರ್ಥ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಇಂದಿಗೂ ನಮ್ಮ ಹೆಂಗಸರು ಆಡುವ ಮಾತಿಗೂ ಇದೇ ತಾತ್ಪರ್ಯ. ಇದು ಕಟ್ಟಳೆಯ ಮೊದಲನೆಯ ಮುಖ. ಎರಡನೆಯ ಮುಖವನ್ನು ಕಾಣಬೇಕಾದರೆ ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಿರಿ. ತುರುಗಾಳಗದಲ್ಲಿ ಮಡಿದವನಿಗೆ ಕಲ್ಲು, ಪೆಣ್ಬುಯ್ಯಲಿನಲ್ಲಿ, ಎಂದರೆ ಹೆಂಗಸರ ಮೊರೆಗೆ ಓಗೊಟ್ಟು ಅವರ ಮಾನವನ್ನು ಕಾಯುತ್ತ ಮಡಿದವನಿಗೆ ಕಲ್ಲು. ಸುಲಿದು ತಂದವನಿಗಿಂತ ಸುಲಿಗೆಯನ್ನು ತಡೆದು ಸತ್ತವನನ್ನು ಊರು ನೆನೆಯಿತು. ಹಿಂದಿನ ಕಾಲವೆಲ್ಲ ಧರ್ಮಯುದ್ಧದ ಕಾಲವೆಂದು ನಾನು ಹೇಳುತ್ತಿಲ್ಲ. 972ರಲ್ಲಿ ಪರಮಾರ ಸೀಯಕನ ದಂಡು ಇದೇ ಮಾನ್ಯಖೇಟವನ್ನು ಸೂರೆಮಾಡಿತು. ಆದರೆ ಸೂರೆಯನ್ನು ಮೆಚ್ಚಿ ನಮ್ಮ ಊರ ಜನ ಕಲ್ಲು ನಿಲ್ಲಿಸುವ ವಾಡಿಕೆ ಮಾಡಲಿಲ್ಲ.

ಈಗ ನಮ್ಮ ಕಾಲದ ಕಾಯಿದೆಯು ಏನು ಹೇಳುವದೆಂಬದನ್ನು ನೋಡೋಣ. ಭಾರತದ ಭೂಸೇನೆಯು 1950ರ ಸೇನಾ ಕಾಯಿದೆಗೆ ಒಳಪಟ್ಟಿದೆ. ಅದು ಆ ವರ್ಷದ ಜುಲೈ 22ರಿಂದ ನಡೆಯಲ್ಲಿ ಬಂದಿತು. ಅದಕ್ಕಿಂತ ಮೊದಲು ಇದ್ದುದು 1911ರ ಕಾಯಿದೆ. ಸೇನೆಯಲ್ಲಿ ಸೇರಿದವನು ನಮ್ಮ ನಿಮ್ಮಂತೆ ಸಂಘ ಕಟ್ಟುವ, ಸಭೆಯಲ್ಲಿ ಮಾತನಾಡುವ, ಪತ್ರಿಕೆಗೆ ಬರೆಯುವ ಸ್ವಾತಂತ್ರ್ಯವನ್ನು ಪೂರ್ಣವಾಗಿ ಅನುಭವಿಸಲಾರನು. ಸಂವಿಧಾನದ 33ನೆಯ ಅನುಚ್ಛೇದವು ಅದಕ್ಕೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಠಾಣ್ಯವನ್ನು ನಾಚಿಕೆಗೇಡಿಯಾಗಿ ಬಿಟ್ಟುಕೊಟ್ಟವನಿಗೆ ಮರಣದಂಡನೆಯವರೆಗೆ ಶಿಕ್ಷೆಯುಂಟು. ಅಪ್ಪಣೆಯನ್ನು ಬೇಕೆಂದೇ ಧಿಕ್ಕರಿಸಿದವನಿಗೆ 14 ವರ್ಷಗಳವರೆಗೆ ಸೆರೆಯುಂಟು. ಇವು ಕಠಿಣವಾದ ಕಟ್ಟಳೆಗಳು, ಕಠಿಣವಾಗಿಯೇ ಇರಬೇಕಾದವುಗಳು.

ಆದರೆ ಅದೇ ಕಾಯಿದೆಯ ಬೇರೆ ಕಲಮುಗಳನ್ನೂ ಓದಿರಿ. ಅಪ್ಪಣೆಯ ವಿಷಯವನ್ನು ಹೇಳುವ 41ನೆಯ ಕಲಮು ಕಾಯಿದೆಗೆ ಸಮ್ಮತವಾದ ಅಪ್ಪಣೆಯೆಂದು ಹೇಳುವದಲ್ಲದೆ ಬರಿಯ ಅಪ್ಪಣೆಯೆಂದು ಹೇಳುವದಿಲ್ಲ. 36ನೆಯ ಕಲಮಿನಂತೆ ಸುಲಿಗೆಗಾಗಿ ಮನೆಯನ್ನು ಒಡೆದು ಹೊಗುವವನಿಗೆ ಸಾಮಾನ್ಯ ಕಾಲದಲ್ಲಿ 7 ವರ್ಷಗಳವರೆಗೆ ಶಿಕ್ಷೆಯಾದರೆ, ಕಾರ್ಯಾಚರಣೆಯ ಕಾಲದಲ್ಲಿ 14 ವರ್ಷಗಳವರೆಗೆ. ಎಂದರೆ ಯುದ್ಧದ ಗದ್ದಲವು ತಪ್ಪನ್ನು ಹಗುರ ಮಾಡುವದಿಲ್ಲ, ಇಮ್ಮಡಿಸುವದು. 46ನೆಯ ಕಲಮು ಕ್ರೂರವೂ ಅಸಭ್ಯವೂ ಆದ ನಡತೆಯನ್ನು ದಂಡಿಸುವದು. ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದುದು 64ನೆಯ ಕಲಮಿನ ಮೊದಲನೆಯ ಅಂಶ. ಠಾಣ್ಯದ ಅಥವಾ ದಾರಿಯಲ್ಲಿರುವ ದಂಡಿನ ಮುಖ್ಯನಿಗೆ, ತನ್ನ ಕೈಕೆಳಗಿನವನು ಯಾರನ್ನಾದರೂ ಹೊಡೆದನು, ಪೀಡಿಸಿದನು, ಸಂತೆಯನ್ನೋ ಜಾತ್ರೆಯನ್ನೋ ಕೆಡಿಸಿದನು ಎಂಬ ದೂರು ಬಂದರೆ, ಆ ಮುಖ್ಯನು ನೊಂದವನಿಗೆ ತಕ್ಕ ಪರಿಹಾರವನ್ನು ಮಾಡಿಸಬೇಕು, ಇಲ್ಲವೆ ಮೇಲಿನವರಿಗೆ ವರದಿಮಾಡಬೇಕು. ಎರಡನ್ನೂ ಮಾಡದಿದ್ದರೆ ಆ ಮುಖ್ಯನೇ ಅಪರಾಧಿ. ಚಿಂಚೋಳಿಯ ಸಂತೆಯಲ್ಲಿ ಬಳೆ ಮಾರುವವಳು ಒಬ್ಬ ಸಿಪಾಯಿಯ ಮೇಲೆ ದೂರು ಹೇಳಿದರೆ ಅವನ ಮೇಲಧಿಕಾರಿಯು ಅದನ್ನು ಕೇಳಲೇಬೇಕೆಂಬ ಕಾಯಿದೆ ನಮ್ಮಲ್ಲಿದೆ. ಇದನ್ನು ಎಷ್ಟು ಜನ ಬಲ್ಲರು?

ಇನ್ನು 1948ರ ಮಾತು. ನಿಜಾಮ ಸಂಸ್ಥಾನವು ಭಾರತದೊಡನೆ 1947ರ ನವೆಂಬರ 29ರಂದು ಯಥಾಸ್ಥಿತಿಯ ಒಪ್ಪಂದವನ್ನು ಮಾಡಿಕೊಂಡಿತು. ಅದರ ಮುಂದಿನ ತಿಂಗಳುಗಳಲ್ಲಿ ಕಾಸಿಂ ರಜವಿಯ ಮುಂದಾಳುತನದ ರಜಾಕಾರರು ಹಳ್ಳಿ ಹಳ್ಳಿಗಳಲ್ಲಿ ಹಬ್ಬಿದರು. ಅವರಿಗೆ ಸಮವಸ್ತ್ರವಿತ್ತು, ಕವಾಯತಿತ್ತು, ಪ್ರತಿಜ್ಞೆಯೂ ಇತ್ತು. ಅವರನ್ನು ವಿಚಾರಿಸುವ ಕಾಯಿದೆಯು ಮಾತ್ರ ಇರಲಿಲ್ಲ. ಅವರು ಸರ್ಕಾರದ ಸಿಪಾಯಿಗಳೂ ಅಲ್ಲ, ಸಾಮಾನ್ಯ ಪ್ರಜೆಗಳೂ ಅಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಸುಮಾರು ಇನ್ನೂರು ಜನ ಅವರ ಕೈಗೆ ಬಲಿಯಾದರು. ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ಭಾರತದಲ್ಲಿ ವಿಲೀನವಾಗಬೇಕೆಂದು ಬರೆದುದಕ್ಕಾಗಿ ಕೊಲೆಯಾದರು. ಸತ್ತವನ ಮತವು ಯಾವದೆಂಬದನ್ನು ಕಟ್ಟಳೆಯಿಲ್ಲದ ಆಯುಧವು ಕೇಳುವದಿಲ್ಲ. ತನಗೆ ಎದುರಾಡಿದನೋ ಎಂಬದಷ್ಟನ್ನೇ ಕೇಳುವದು.

ಸಪ್ಟೆಂಬರ 13ರ ಬೆಳಗಿಗೆ ಭಾರತದ ಸೇನೆಯು ಸಂಸ್ಥಾನದೊಳಗೆ ಹೊಕ್ಕಿತು. ಮುಖ್ಯ ದಂಡು ಸೋಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ, ಜಹೀರಾಬಾದಗಳ ದಾರಿಯಿಂದ ರಾಜಧಾನಿಗೆ ನಡೆಯಿತು. ಚಿಂಚೋಳಿಯ ತಾಲೂಕು ಆ ದಾರಿಗೆ ನೆರೆಯದೇ. 17ರಂದು ನಿಜಾಮರು ಕಾಳಗವನ್ನು ನಿಲ್ಲಿಸಿದರು. 18ರಂದು ಸಂಸ್ಥಾನದ ಸೇನಾಪತಿ ಎಲ್ ಎದ್ರೂಸರು ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ಐದು ದಿನಗಳಲ್ಲಿ ಒಂದು ದುಃಸ್ವಪ್ನ ಮುಗಿಯಿತು. ಊರುಬಿಟ್ಟು ಓಡಿದವರು ಮರಳಿ ಮನೆಯ ಕದ ತೆರೆದರು. ಆ ಸೇನೆಗೆ ನಾವು ಋಣಿಗಳಾಗಿರುವದು ನಿಜ. ವರ್ಷವರ್ಷವೂ ಆ ದಿನವನ್ನು ನಾವು ಹಬ್ಬವಾಗಿ ಆಚರಿಸುವದೂ ಯೋಗ್ಯವೇ.

ಆದರೆ ಹಬ್ಬದ ದಿನ ಹೇಳದೆ ಬಿಡುವ ಇನ್ನೊಂದು ಅಧ್ಯಾಯವಿದೆ. ಕಾಳಗವು ನಿಂತ ಮೇಲೆ ಸಂಸ್ಥಾನದ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಘೋರವಾದ ಸೇಡು ನಡೆಯಿತು. ಅದನ್ನು ತಿಳಿದು ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರನ್ನು ಕಳಿಸಿದರು. ನವೆಂಬರ 29ರಿಂದ ಡಿಸೆಂಬರ 21ರವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಸತ್ತವರ ಸಂಖ್ಯೆಯು ಒಟ್ಟು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅವರ ಅಂದಾಜು. ಎಲ್ಲಕ್ಕೂ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ, ಗುಲಬರ್ಗಾ, ಬೀದರ ಮತ್ತು ನಾಂದೇಡ. ಗುಲಬರ್ಗಾ ಎಂದರೆ ನಮ್ಮ ಜಿಲ್ಲೆ. ಬಹುಭಾಗ ಕೊಲೆ ಸುಲಿಗೆಗಳನ್ನು ಮಾಡಿದವರು ಉದ್ರಿಕ್ತರಾದ ಜನರ ಗುಂಪುಗಳು. ಆದರೆ ಸೇನೆಯ ಮತ್ತು ಪೊಲೀಸಿನ ಕೆಲವರು ಸುಲಿಗೆಯಲ್ಲಿಯೂ ಇನ್ನೂ ಘೋರವಾದ ಅಪರಾಧಗಳಲ್ಲಿಯೂ ಕೂಡಿದ್ದರೆಂದೂ, ಕೆಲವೆಡೆ ಗುಂಪುಗಳನ್ನು ಹುರಿದುಂಬಿಸಿದರೆಂದೂ ಆ ಮೂವರು ಬರೆದಿಟ್ಟರು. ಅವರು ಸೇನೆಯೆಲ್ಲವನ್ನೂ ದೂಷಿಸಲಿಲ್ಲ. ಚೌಧುರಿಯವರನ್ನು ಹೊಗಳಿಯೇ ಬರೆದರು. ತಮ್ಮ ಪ್ರಾಣವನ್ನು ಒತ್ತೆಯಿಟ್ಟು ಮುಸಲ್ಮಾನ ನೆರೆಯವರನ್ನು ಕಾಯ್ದ ಹಿಂದೂಗಳನ್ನೂ, ಅವರಲ್ಲಿ ವಿಶೇಷವಾಗಿ ನೇಕಾರರನ್ನೂ ಅವರು ಕೃತಜ್ಞತೆಯಿಂದ ಸ್ಮರಿಸಿದರು.

ಮಹನೀಯರೇ, ಈ ವಿಷಯವನ್ನು ಎತ್ತಿದಾಗ ನಮ್ಮಲ್ಲಿ ತಪ್ಪದೆ ಬರುವ ಒಂದು ಉತ್ತರವುಂಟು: ರಜಾಕಾರರು ಮಾಡಿದುದಕ್ಕೆ ಅದು ತಕ್ಕುದೇ ಆಯಿತು ಎಂಬದು. ಸಿಟ್ಟಿನಲ್ಲಿ ಆಡಿದ ಮಾತೆಂದು ಅದನ್ನು ತಳ್ಳಿಹಾಕದೆ ವಿಚಾರ ಮಾಡೋಣ. ರಜಾಕಾರನ ಅಪರಾಧಕ್ಕೆ ರಜಾಕಾರನನ್ನು ಹಿಡಿದು ನ್ಯಾಯಾಲಯದಲ್ಲಿ ನಿಲ್ಲಿಸಬೇಕು; ರಜವಿಯನ್ನು ಹಾಗೆಯೇ ನಿಲ್ಲಿಸಲಾಯಿತು, ಅವನು 1957ರವರೆಗೆ ಸೆರೆಯಲ್ಲಿದ್ದನು. ಆದರೆ ಅವನ ಮತದವನೆಂಬ ಒಂದೇ ಕಾರಣಕ್ಕೆ ಕೊಲ್ಲಲ್ಪಟ್ಟ ನೇಕಾರನ, ಜಟಕಾ ಹೊಡೆಯುವವನ, ಹುಡುಗನ ತಪ್ಪೇನು? ಸೇನೆಯ ಕಟ್ಟಳೆಯು ಕೊಡುಕೊಳ್ಳುವ ವ್ಯವಹಾರವಲ್ಲ. ಎದುರಿನವನು ಪಾಲಿಸಿದರೆ ನಾನೂ ಪಾಲಿಸುವೆನು ಎಂಬ ಕರಾರು ಅದರಲ್ಲಿಲ್ಲ. ಸುಲಿಗೆಯು ದಂಡಾರ್ಹವೆಂದು ಆಗ ನಡೆಯಲ್ಲಿದ್ದ 1911ರ ಕಾಯಿದೆಯೂ ಹೇಳಿತ್ತು. ಆದುದರಿಂದ 1948ರಲ್ಲಿ ಕಟ್ಟಳೆಯ ಕೊರತೆಯಿರಲಿಲ್ಲ. ಅದನ್ನು ನಡೆಸುವ ಕಣ್ಣಿನ ಕೊರತೆಯಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ಬೇಲಿಯನ್ನು ಕಟ್ಟಿದವನಿಗೆ ದೂರಬೇಕು, ಅವನು ಕೇಳಬೇಕು. ಆದರೆ ಆ ವರದಿಯನ್ನು ಸರ್ಕಾರವು ಪ್ರಕಟಿಸಲಿಲ್ಲ. ಅದು ದಿಲ್ಲಿಯಲ್ಲಿ ಎಲ್ಲರ ಓದಿಗೆ ದೊರೆತುದು 2013ರ ಸುಮಾರಿಗೆ, 65 ವರ್ಷಗಳಾದ ಮೇಲೆ. ಅಷ್ಟರಲ್ಲಿ ಅಪರಾಧಿಯೂ ಸತ್ತಿದ್ದನು, ಸಾಕ್ಷಿಯೂ ಸತ್ತಿದ್ದನು. ಇದರಿಂದ ಸೇನೆಯ ಮಾನವು ಉಳಿಯಿತೆಂದು ಹೇಳಲಾದೀತೇ? ಕಟ್ಟಳೆಯಂತೆ ನಡೆದ ಸಾವಿರಾರು ಸಿಪಾಯಿಗಳ ಮೇಲೂ ಮೀರಿದ ಕೆಲವರ ನೆರಳು ಬಿದ್ದಿತು. ತಪ್ಪಿತಸ್ಥನನ್ನು ಬೇರ್ಪಡಿಸಿ ಶಿಕ್ಷಿಸಿದ್ದರೆ ಉಳಿದವರ ಕೀರ್ತಿಯು ಸ್ವಚ್ಛವಾಗಿ ಉಳಿಯುತ್ತಿತ್ತು.

ಇಲ್ಲಿ ಇನ್ನೊಂದು ತೊಡಕಿನ ಪ್ರಶ್ನೆ ಬರುವದು. ಅಪ್ಪಣೆಯೇ ಅನ್ಯಾಯವಾಗಿದ್ದರೆ ಸಿಪಾಯಿಯು ಏನು ಮಾಡಬೇಕು? 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಗಢವಾಲ ಪಲಟಣಿಯ ಚಂದ್ರಸಿಂಹ ಗಢವಾಲಿಯೂ ಅವನ ಸಂಗಡಿಗರೂ ನಿರಾಯುಧರಾದ ಪಠಾಣರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಗಢವಾಲಿಗೆ ಆಜನ್ಮ ಶಿಕ್ಷೆಯಾಯಿತು. ಅವನು 1941ರಲ್ಲಿ ಬಿಡುಗಡೆ ಹೊಂದಿದನು. ದೇಶವೇ ಅವನನ್ನು ಕೊಂಡಾಡಿತು. ಆದರೆ ಗಾಂಧೀಜಿಯವರು ಒಬ್ಬ ಫ್ರೆಂಚ್ ಪತ್ರಕರ್ತನಿಗೆ ಉತ್ತರ ಕೊಡುವಾಗ ಅದನ್ನು ಮೆಚ್ಚಲಿಲ್ಲ. ಗುಂಡು ಹಾರಿಸೆಂಬ ಅಪ್ಪಣೆಯನ್ನು ಮೀರಿದ ಸಿಪಾಯಿಯು ತನ್ನ ಪ್ರತಿಜ್ಞೆಯನ್ನು ಮುರಿದಂತೆ ಎಂದೂ, ನಾಳೆ ಅಧಿಕಾರವು ನಮಗೆ ಬಂದಾಗ ಇದೇ ಸಿಪಾಯಿಗಳಿಂದಲೇ ನಾವು ಕೆಲಸ ತೆಗೆದುಕೊಳ್ಳಬೇಕಾಗುವದೆಂದೂ ಅವರ ಅಭಿಪ್ರಾಯ. ಅಹಿಂಸೆಯ ಆಚಾರ್ಯರೇ ಹೀಗೆ ಹೇಳಿದುದು ಅನೇಕರಿಗೆ ಆಶ್ಚರ್ಯವಾಗಿ ತೋರಬಹುದು. ಅವರು ಕಂಡ ಅಪಾಯವು ನಿಜವಾದುದೇ. ತನ್ನ ಮನಸ್ಸಿಗೆ ಬಂದಾಗ ಪಾಲಿಸಿ ಬಾರದಾಗ ಬಿಡುವ ಸೇನೆಯು ಸೇನೆಯಲ್ಲ. ಅದು ಬೇಗನೆ ರಜಾಕಾರರ ಗುಂಪಾಗುವದು.

ಆದರೂ ಪ್ರಪಂಚದ ವಿಚಾರವು ಆಮೇಲೆ ಒಂದು ಹೆಜ್ಜೆ ಮುಂದೆ ಹೋಯಿತು. ಎರಡನೆಯ ಮಹಾಯುದ್ಧದ ನಂತರ 1946ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಧೀಶರು, ಮೇಲಿನವರ ಅಪ್ಪಣೆಯಿತ್ತೆಂಬ ಮಾತು ನರಹತ್ಯೆಯ ಅಪರಾಧದಿಂದ ಬಿಡಿಸಲಾರದೆಂದು ತೀರ್ಪಿತ್ತರು. 1949ರ ಜಿನೀವಾ ಒಪ್ಪಂದಗಳು ಗಾಯಾಳುವನ್ನೂ ಸೆರೆಯಾಳನ್ನೂ ನಿರಾಯುಧ ಪ್ರಜೆಯನ್ನೂ ಕಾಯುವ ಕಟ್ಟಳೆಗಳನ್ನು ವಿಸ್ತರಿಸಿದವು. ಭಾರತವು 1950ರಲ್ಲಿ ಅವುಗಳಿಗೆ ಬದ್ಧವಾಯಿತು. ಸಂದೇಹವಿರುವ ಅಪ್ಪಣೆಯನ್ನು ಸಿಪಾಯಿಯು ಪಾಲಿಸತಕ್ಕದ್ದು. ಆದರೆ ಕೈಕಟ್ಟಿ ನಿಂತವನನ್ನು ಕೊಲ್ಲು, ಆ ಮನೆಯನ್ನು ಸುಲಿ ಎಂಬಂಥ, ಮೂರ್ಖನಿಗೂ ಪಾಪವೆಂದು ತಿಳಿಯುವ ಅಪ್ಪಣೆಯು ಅಪ್ಪಣೆಯೇ ಅಲ್ಲ. ಈ ಗೆರೆಯನ್ನು ಹೀಗೆ ಎಳೆದುಕೊಂಡರೆ ಗಾಂಧೀಜಿಯವರ ಎಚ್ಚರಿಕೆಯೂ ಉಳಿಯುವದು, ಧರ್ಮವೂ ಉಳಿಯುವದು.

ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ನಡೆದಿದೆ. ಸೇನೆಗೆ ವಿಶೇಷಾಧಿಕಾರ ಕೊಡುವ ಕಾಯಿದೆಯ ಸಿಂಧುತ್ವದ ಪ್ರಶ್ನೆಯು ಈಶಾನ್ಯ ಪ್ರಾಂತದಿಂದ ಅದರ ಮುಂದೆ ಬಂದಿತ್ತು. 1997ರ ತೀರ್ಪಿನಲ್ಲಿ ನ್ಯಾಯಾಲಯವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಅದರೊಡನೆಯೇ, ಸೇನೆಯು ತನ್ನ ಸೈನಿಕರಿಗೆ ಕೊಟ್ಟ ಮಾಡತಕ್ಕವು ಮಾಡಬಾರದವುಗಳ ಪಟ್ಟಿಯು ಬರಿಯ ಉಪದೇಶವಲ್ಲ, ಕಡ್ಡಾಯವಾಗಿ ಪಾಲಿಸತಕ್ಕದ್ದು ಎಂದು ಹೇಳಿತು. ಹಿಡಿದವನನ್ನು ತಡಮಾಡದೆ ಹತ್ತಿರದ ಪೊಲೀಸ ಠಾಣೆಗೆ ಒಪ್ಪಿಸಬೇಕು, ಅವನನ್ನು ಹಿಂಸಿಸಕೂಡದು, ಬೇಕಾದುದಕ್ಕಿಂತ ಹೆಚ್ಚು ಬಲವನ್ನು ಉಪಯೋಗಿಸಕೂಡದು ಎಂಬವು ಆ ಪಟ್ಟಿಯಲ್ಲಿಯ ಮಾತುಗಳು. ಸನ್ನತಿಯ ಕಲ್ಲಿನ ಮಾತಿಗೂ ಇದಕ್ಕೂ ಎಷ್ಟು ದೂರ?

ಕಟ್ಟಳೆಯನ್ನು ಕೈಬಿಡದೆ ನಡೆದವರ ಉದಾಹರಣೆ ಬೇಕಾದರೆ ಕನ್ನಡ ನಾಡಿನಲ್ಲಿಯೇ ಉಂಟು. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೋರಿಯಾ ದೇಶದಲ್ಲಿ, ಯುದ್ಧದ ಸೆರೆಯಾಳುಗಳ ವಿಚಾರಕ್ಕಾಗಿ ನಿಯಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. ತಮ್ಮ ದೇಶಕ್ಕೆ ಮರಳಲೊಲ್ಲೆವೆಂದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಭಾರತದ ಸೈನಿಕರು ಕಾಯಬೇಕಾಗಿತ್ತು. ಆ ಸೆರೆಯಾಳುಗಳು ಕೂಗಿದರು, ಕಲ್ಲೆಸೆದರು, ಅಧಿಕಾರಿಗಳನ್ನು ಹಿಡಿದಿಟ್ಟುಕೊಂಡರು. ಗುಂಡು ಹಾರಿಸುವದು ಬಹಳ ಸುಲಭವಾಗಿತ್ತು; ತಾಳ್ಮೆಯು ಬಹಳ ಕಷ್ಟದ್ದಾಗಿತ್ತು. ಆ ಕಷ್ಟದ್ದನ್ನೇ ಮಾಡಿ ನಮ್ಮವರು ಎರಡೂ ಪಕ್ಷಗಳ ಗೌರವವನ್ನು ಪಡೆದರು. ಯುದ್ಧದಲ್ಲಿ ಗೆದ್ದ ಕೀರ್ತಿಗಿಂತ ಇದು ಕಡಿಮೆಯದೆಂದು ನಾನು ತಿಳಿಯುವದಿಲ್ಲ.

ಶಿಕ್ಷಕ ಬಾಂಧವರೇ, ಇನ್ನು ನಮ್ಮ ಕರ್ತವ್ಯವೇನು? ಮೊದಲನೆಯದು, ಸೇನೆಗೆ ಹೊರಟ ಹುಡುಗನಿಗೆ ಓಟ, ಜಿಗಿತ, ಲೆಕ್ಕಗಳ ಜೊತೆಗೆ ಕಟ್ಟಳೆಯ ಎರಡೂ ಮುಖಗಳನ್ನು ತಿಳಿಸಿ ಕಳಿಸಿರಿ. 1948ರಲ್ಲಿಯೇ ಹುಟ್ಟಿದ ರಾಷ್ಟ್ರೀಯ ವಿದ್ಯಾರ್ಥಿ ಸೇನಾದಳವು ನಮ್ಮ ಅನೇಕ ಶಾಲೆ ಕಾಲೇಜುಗಳಲ್ಲಿದೆ. ಅಲ್ಲಿ ಕವಾಯತು ಕಲಿಸುವ ದಿನ ಈ 64ನೆಯ ಕಲಮನ್ನೂ ಒಮ್ಮೆ ಓದಿ ಹೇಳಿರಿ. ಎರಡನೆಯದು, ಸಪ್ಟೆಂಬರ 17ರ ಭಾಷಣದಲ್ಲಿ ಗೋರ್ಟಾದ ಹೆಸರನ್ನು ಹೇಳುವಂತೆ, ಸುಂದರಲಾಲರ ವರದಿಯಲ್ಲಿ ನಮ್ಮ ಜಿಲ್ಲೆಯ ಹೆಸರಿರುವದನ್ನೂ ಹೇಳಿರಿ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮಕ್ಕಳಿಗೆ ನಾವು ಕಲಿಸಿದುದು ಇತಿಹಾಸವಲ್ಲ, ವೈರ. ಮೂರನೆಯದು, ಊರ ಹಿರಿಯರಲ್ಲಿ ಆ ದಿನಗಳನ್ನು ಬಲ್ಲವರಿದ್ದರೆ ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿರಿ; ಯಾರು ಯಾರನ್ನು ಕೊಂದರೆಂಬದನ್ನಷ್ಟೇ ಅಲ್ಲ, ಯಾರು ಯಾರನ್ನು ಮನೆಯೊಳಗೆ ಬಚ್ಚಿಟ್ಟು ಕಾಯ್ದರೆಂಬದನ್ನು ಮುಖ್ಯವಾಗಿ ಕೇಳಿರಿ. ಅಂಥವರಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸುತ್ತಿದ್ದರು. ನಾವು ಹೆಸರನ್ನಾದರೂ ಉಳಿಸೋಣ.

ಈ ಭಾಗವು 1956ರ ನವೆಂಬರ 1ರಂದು ಉಳಿದ ಕನ್ನಡ ನಾಡಿನೊಡನೆ ಒಂದಾಯಿತು. ಕೂಡಿಬಂದ ನಾಡಿನಲ್ಲಿ ಕೂಡಿ ಬಾಳಬೇಕಾದವರು ಎಲ್ಲ ಮತದವರೂ ಅಹುದು. ಆ ಬಾಳಿಗೆ ಕಾವಲಾಗಿ ನಿಲ್ಲುವ ಸಿಪಾಯಿಯು ಶತ್ರುವಿಗೆ ಅಂಜಬಾರದು, ತನ್ನ ಕಟ್ಟಳೆಗೆ ಅಂಜಬೇಕು. ಅಂಥ ಸಿಪಾಯಿಯನ್ನು ಕಂಡರೆ ಸಂತೆಯ ಬಳೆಗಾರ್ತಿಯು ತನ್ನ ಮಲಾರವನ್ನು ಎತ್ತಿಕೊಂಡು ಓಡುವದಿಲ್ಲ. ನಿಶ್ಚಿಂತೆಯಿಂದ ವ್ಯಾಪಾರ ಮಾಡುವಳು. ಸೇನೆಯ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಬೇರೆ ಅರಿಯೆನು.